ಮೊತ್ತವೇ ಸಾಕ್ಷಿ: ಚೌತೀಸಾ ಯಂತ್ರ, ಕಿಲ್ಲರ್ ಸುಡೊಕು ಮತ್ತು ನಷ್ಟಪಾಠದ ತರ್ಕ

ಖಜುರಾಹೊದ ಪೂರ್ವಭಾಗದ ಜೈನ ದೇವಾಲಯಗಳಲ್ಲಿ ಪಾರ್ಶ್ವನಾಥ ಜಿನಾಲಯವೇ ದೊಡ್ಡದು. ಚಂದೇಲರ ಅರಸ ಧಂಗನ ಕಾಲಕ್ಕೆ ಸಲ್ಲುವ ಈ ಕಟ್ಟಡದಲ್ಲಿ ವಿಕ್ರಮ ಸಂವತ್ 1011ರ ಕಾಲೋಲ್ಲೇಖವಿರುವ ಶಾಸನವೊಂದಿದೆ. ಪಾಹಿಲನೆಂಬ ಶ್ರಾವಕನು ಜಿನಾಲಯಕ್ಕೆ ಬಿಟ್ಟುಕೊಟ್ಟ ತೋಟಗಳ ಹೆಸರುಗಳನ್ನು ಅದು ಹೇಳುತ್ತದೆ. ಅದೇ ದೇವಾಲಯದ ದ್ವಾರಬಂಧದಲ್ಲಿ ಇನ್ನೊಂದು ಬರಹವಿದೆ. ಅದರಲ್ಲಿ ದಾನಿಯ ಹೆಸರಿಲ್ಲ, ತಿಥಿವಾರಗಳಿಲ್ಲ, ಶಾಪಾಶಯವೂ ಇಲ್ಲ. ಹದಿನಾರು ಮನೆಗಳ ಒಂದು ಚೌಕ, ಮನೆಗೊಂದು ಸಂಖ್ಯೆ, ಅಷ್ಟೆ.

7 – 12 – 1 – 14
2 – 13 – 8 – 11
16 – 3 – 10 – 5
9 – 6 – 15 – 4

ಅಡ್ಡಸಾಲು, ಕಂಬಸಾಲು, ಕರ್ಣ, ಯಾವುದನ್ನು ಕೂಡಿದರೂ ಮೊತ್ತ 34. ಆದ್ದರಿಂದಲೇ ಇದಕ್ಕೆ ಚೌತೀಸಾ ಯಂತ್ರವೆಂದು ಹೆಸರು. 10ರಿಂದ 12ನೆಯ ಶತಮಾನದೊಳಗಿನ ಕೆತ್ತನೆಯೆಂದು ವಿದ್ವಾಂಸರು ಇದನ್ನು ಗಣಿಸುತ್ತಾರೆ. ಇದನ್ನು ಮಂಗಳಯಂತ್ರವೆಂದು ನೋಡಿದವರಿದ್ದಾರೆ, ಗಣಿತದ ಕೌತುಕವೆಂದು ನೋಡಿದವರೂ ಇದ್ದಾರೆ. ಗ್ರಂಥಸಂಪಾದನೆಯನ್ನು ಅಭ್ಯಾಸಮಾಡುವವರಿಗೆ ಇದರಲ್ಲಿ ಮೂರನೆಯದೊಂದು ಪಾಠವಿದೆ. ಈ ಕಲ್ಲಿನ ಬಹುಭಾಗ ಸವೆದುಹೋಗಿ ನಾಲ್ಕೇ ಅಂಕಿಗಳು ಉಳಿದಿದ್ದರೆ ಉಳಿದ ಹನ್ನೆರಡನ್ನು ಮರಳಿ ಪಡೆಯಬಹುದೆ? ಪಡೆದರೆ ಅದು ಸಂಪಾದಕನ ಊಹೆಯಾಗುತ್ತದೆಯೆ, ಸಿದ್ಧಪಾಠವಾಗುತ್ತದೆಯೆ? ಊಹೆಗೂ ಅನಿವಾರ್ಯತೆಗೂ ನಡುವಣ ಗೆರೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪಠ್ಯಗಳು ವಿರಳ. ಆ ಗೆರೆಯನ್ನು ಇಂದು ಲಕ್ಷಾಂತರ ಜನ ತಮಗರಿವಿಲ್ಲದೆಯೇ ದಿನಪತ್ರಿಕೆಯ ಒಂದು ಮೂಲೆಯಲ್ಲಿ ಅಭ್ಯಾಸಮಾಡುತ್ತಿದ್ದಾರೆ.

ಮೊತ್ತ ಕೊಟ್ಟು ಅಂಕಿ ಕೇಳುವ ಆಟ

ಸುಡೊಕುವಿನ ಇಂದಿನ ರೂಪ 1979ರಲ್ಲಿ ಅಮೆರಿಕದ ಡೆಲ್ ಸಂಸ್ಥೆಯ ಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ಅದರ ಕರ್ತೃ ಹೋವರ್ಡ್ ಗಾರ್ನ್ಸ್ ಎಂಬ ವಾಸ್ತುಶಿಲ್ಪಿಯೆಂದು ಈಗ ಒಪ್ಪಲಾಗಿದೆ. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದನ್ನು ಕೈಗೆತ್ತಿಕೊಂಡ ಮೇಲೆ ಈಗಿನ ಹೆಸರು ಬಂತು. ಒಂಬತ್ತು ಅಡ್ಡಸಾಲು, ಒಂಬತ್ತು ಕಂಬಸಾಲು, ಒಂಬತ್ತು ಒಳಚೌಕ. ಪ್ರತಿಯೊಂದರಲ್ಲೂ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಬಾರಿ ಬರಬೇಕು. ಕಿಲ್ಲರ್ ಸುಡೊಕು ಇದರ ಕಠಿನತರ ಸಂತಾನ. ಜಪಾನಿನಲ್ಲಿ 1990ರ ದಶಕದಲ್ಲಿ ಬೆಳೆದ ಈ ಬಗೆ 2005ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯ ಮೂಲಕ ಇಂಗ್ಲಿಷ್ ಓದುಗರನ್ನು ತಲುಪಿತು.

ಸಾಮಾನ್ಯ ಸುಡೊಕುವಿನಲ್ಲಿ ಕೆಲವು ಅಂಕಿಗಳನ್ನಾದರೂ ಮೊದಲೇ ಕೊಟ್ಟಿರುತ್ತಾರೆ. ಕಿಲ್ಲರ್‌ನಲ್ಲಿ ಹೆಚ್ಚಾಗಿ ಒಂದೂ ಇರುವುದಿಲ್ಲ. ಅಕ್ಕಪಕ್ಕದ ಕೆಲವು ಮನೆಗಳನ್ನು ಚುಕ್ಕಿಗೆರೆಯಿಂದ ಸುತ್ತುಹಾಕಿ, ಆ ಗುಂಪಿನ ಮೊತ್ತವನ್ನು ಮಾತ್ರ ಮೂಲೆಯಲ್ಲಿ ಬರೆದಿರುತ್ತಾರೆ. ಆಟಗಾರರು ಈ ಗುಂಪನ್ನು ಕೇಜ್ ಎನ್ನುತ್ತಾರೆ, ಕನ್ನಡದಲ್ಲಿ ಪಂಜರವೆನ್ನಬಹುದು. ಪಂಜರದೊಳಗೂ ಅಂಕಿ ಮರುಕಳಿಸುವಂತಿಲ್ಲ. ಹೀಗೆ ಬಿಡಿಸುವವನ ಕೈಯಲ್ಲಿ ಇರುವುದು ಎರಡೇ ಆಧಾರ: ಮೊತ್ತ ಮತ್ತು ಅಪುನರುಕ್ತಿ.

ಎರಡು ಮನೆಗಳ ಪಂಜರದ ಮೊತ್ತ 17 ಎಂದಿದ್ದರೆ ಅದರಲ್ಲಿ 8 ಮತ್ತು 9 ಅಲ್ಲದೆ ಬೇರೇನೂ ಇರಲಾರದು. ಮೂರು ಮನೆಗಳ ಮೊತ್ತ 6 ಆದರೆ 1, 2, 3 ಮಾತ್ರ. ಯಾವ ಅಂಕಿ ಯಾವ ಮನೆಯಲ್ಲಿದೆಯೆಂದು ತಿಳಿಯದಿದ್ದರೂ ಈ ಅಂಕಿಗಳು ಇಲ್ಲಿಯೇ ಖರ್ಚಾದವೆಂಬುದು ನಿಶ್ಚಿತ. ಇದಕ್ಕೆ ಸೇರುವ ಇನ್ನೊಂದು ಆಯುಧ 45ರ ನಿಯಮ. 1ರಿಂದ 9ರವರೆಗಿನ ಮೊತ್ತ 45. ಆದ್ದರಿಂದ ಪ್ರತಿಯೊಂದು ಸಾಲಿನ ಮತ್ತು ಒಳಚೌಕದ ಮೊತ್ತವೂ 45. ಒಂದು ಒಳಚೌಕದಲ್ಲಿ 17ರ ಜೋಡಿಪಂಜರ, 6ರ ಮೂರುಮನೆ, 15ರ ಮೂರುಮನೆ ಇವು ಪೂರ್ತಿಯಾಗಿ ಅಡಗಿವೆ, ಒಂಬತ್ತನೆಯ ಮನೆ ಮಾತ್ರ ಹೊರಗಿನ ಪಂಜರಕ್ಕೆ ಸೇರಿದೆ ಎಂದುಕೊಳ್ಳಿ. 17, 6, 15 ಕೂಡಿದರೆ 38. ಉಳಿದ ಮನೆಯಲ್ಲಿ 7 ಇರಲೇಬೇಕು. 15ರ ಪಂಜರಕ್ಕೆ ಬಿಡಿಯಾಗಿ ನೋಡಿದಾಗ ಎಂಟು ಸಾಧ್ಯತೆಗಳಿದ್ದವು. ಈಗ 4, 5, 6 ಎಂಬ ಒಂದೇ ಉಳಿಯುತ್ತದೆ. ಒಂದು ಅಂಕಿಯನ್ನೂ ಕಾಣದೆ ಒಳಚೌಕದ ಬಹುಪಾಲು ರಹಸ್ಯ ಬಯಲಾಯಿತು. ಇಲ್ಲಿ ಯಾರೂ ಊಹಿಸಲಿಲ್ಲ. ಬೇರೆ ದಾರಿಗಳೆಲ್ಲ ಮುಚ್ಚಿಹೋದವು.

ಎಣಿಸಿದವರು

ಒಂದು ಪಂಜರಕ್ಕೆ ಎಷ್ಟು ಸಾಧ್ಯತೆಗಳೆಂದು ಮೊದಲು ತಿಳಿದರೆ ಮಾತ್ರ ಅವುಗಳನ್ನು ಒಂದೊಂದಾಗಿ ತಳ್ಳಿಹಾಕುವ ಮಾತು. ಈ ಎಣಿಕೆಯ ಶಾಸ್ತ್ರಕ್ಕೆ ಕನ್ನಡನಾಡಿನಲ್ಲಿ ಹಳೆಯ ನೆಲೆಯಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದ ಮಿಶ್ರಕವ್ಯವಹಾರದಲ್ಲಿ ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಸಾಮಾನ್ಯಸೂತ್ರವಿದೆ. ಒಂದರಿಂದ ತೊಡಗುವ ಸಂಖ್ಯೆಗಳನ್ನು ಮೇಲೊಂದು ಕೆಳಗೊಂದು ಸಾಲಾಗಿ, ಒಂದು ಕ್ರಮದಲ್ಲಿ ಇನ್ನೊಂದು ವ್ಯುತ್ಕ್ರಮದಲ್ಲಿ ಇಟ್ಟು, ಮೇಲಿನವುಗಳ ಗುಣಲಬ್ಧವನ್ನು ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸಬೇಕು. ಆಚಾರ್ಯರು ಕೊಡುವ ಉದಾಹರಣೆಗಳಲ್ಲಿ ಷಡ್ರಸಗಳದ್ದೂ ಒಂದು. ಒಂದೊಂದೇ ರಸವಾದರೆ 6, ಎರಡೆರಡರ ಬೆರಕೆ 15, ಮೂರರದು 20, ನಾಲ್ಕರದು 15, ಐದರದು 6, ಆರೂ ಸೇರಿದರೆ 1. ಒಟ್ಟು 63 ರುಚಿಭೇದಗಳು. ಅದೇ ಸೂತ್ರವನ್ನು ಒಂಬತ್ತು ಅಂಕಿಗಳಿಗೆ ಹಚ್ಚಿದರೆ ಎರಡು ಮನೆಯ ಪಂಜರಕ್ಕೆ 36 ಜೋಡಿಗಳೂ ಮೂರು ಮನೆಯ ಪಂಜರಕ್ಕೆ 84 ತ್ರಿಕಗಳೂ ಸಿಗುತ್ತವೆ. ಈ 36 ಜೋಡಿಗಳು 3ರಿಂದ 17ರವರೆಗಿನ ಹದಿನೈದು ಮೊತ್ತಗಳಲ್ಲಿ ಹಂಚಿಹೋಗುತ್ತವೆ. ಆರಂಭದ ಮತ್ತು ಅಂತ್ಯದ ಮೊತ್ತಗಳಿಗೆ ಒಂದೊಂದೇ ಜೋಡಿ. ನಡುವಣ ಮೊತ್ತಗಳಲ್ಲಿ ಸಂದಣಿ ಹೆಚ್ಚು. ಕಿಲ್ಲರ್ ಸುಡೊಕು ಬಿಡಿಸುವವರು ಅತಿ ಚಿಕ್ಕ ಮತ್ತು ಅತಿ ದೊಡ್ಡ ಮೊತ್ತಗಳಿಂದ ತೊಡಗುವುದಕ್ಕೆ ಇದೇ ಕಾರಣ.

ಜೈನಪರಂಪರೆಗೆ ಇಂಥ ಭಂಗಗಣನೆ ಹೊಸದಲ್ಲ. ಭಗವತೀ ಸೂತ್ರದಲ್ಲಿ ಗಾಂಗೇಯನ ಪ್ರಶ್ನೆಗಳಿಗೆ ಉತ್ತರವಾಗಿ ಏಳು ನರಕಗಳಲ್ಲಿ ಒಂದು ಜೀವ, ಎರಡು ಜೀವ, ಮೂರು ಜೀವ ಹುಟ್ಟುವ ಬಗೆಗಳನ್ನು ಕ್ರಮವಾಗಿ 7, 28, 84 ಎಂದು ಎಣಿಸಲಾಗಿದೆ. 10ನೆಯ ಶತಮಾನದಲ್ಲಿ, ಚಾವುಂಡರಾಯನ ಕಾಲದಲ್ಲಿ, ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಪ್ರಮಾದದ ಭೇದಗಳನ್ನು ವಿವರಿಸುತ್ತ ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ, ಪ್ರಣಯ ಇವುಗಳ ಗುಣಾಕಾರದಿಂದ 80 ಭಂಗಗಳನ್ನು ಹೇಳುತ್ತಾರೆ. ಅವುಗಳ ವಿಚಾರಕ್ಕೆ ಅವರು ಬಳಸುವ ಮಾತುಗಳು ಸಂಖ್ಯೆ, ಪ್ರಸ್ತಾರ, ಪರಿವರ್ತನ, ನಷ್ಟ, ಸಮುದ್ದಿಷ್ಟ. ಇವುಗಳಲ್ಲಿ ಪ್ರಸ್ತಾರ, ನಷ್ಟ, ಉದ್ದಿಷ್ಟಗಳು ಛಂದಶ್ಶಾಸ್ತ್ರದ ಪ್ರತ್ಯಯಗಳಾಗಿ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದವು. ಪ್ರಸ್ತಾರವೆಂದರೆ ಎಲ್ಲ ಸಾಧ್ಯತೆಗಳನ್ನೂ ಬಿಡದೆ ಹರಡುವುದು. ನಷ್ಟವೆಂದರೆ ಅಳಿಸಿಹೋದ ಭಂಗವನ್ನು ಅದರ ಕ್ರಮಸಂಖ್ಯೆಯೊಂದರಿಂದಲೇ ಮರಳಿ ಪಡೆಯುವುದು. ಆ ಹೆಸರೇ ಅರ್ಥಗರ್ಭಿತ. ಕಳೆದುಹೋದದ್ದನ್ನು ಕಳೆದುಹೋಗದ ನಿಯಮದಿಂದ ಹುಡುಕುವ ಕೆಲಸಕ್ಕೆ ನಮ್ಮ ಶಾಸ್ತ್ರಕಾರರು ಸಾವಿರ ವರ್ಷಗಳ ಹಿಂದೆಯೇ ಇಟ್ಟ ಹೆಸರು ಅದು.

ಹದಿನೈದರ ಯಂತ್ರ

ದೊಡ್ಡ ಚೌಕಕ್ಕೆ ಹೋಗುವ ಮುನ್ನ ಚಿಕ್ಕದೊಂದನ್ನು ನೋಡುವುದು ಒಳ್ಳೆಯದು. 1ರಿಂದ 9ರವರೆಗಿನ ಅಂಕಿಗಳನ್ನು ಒಂಬತ್ತು ಮನೆಗಳಲ್ಲಿಟ್ಟು ಎಲ್ಲ ಕಡೆಯೂ 15 ಬರುವಂತೆ ಮಾಡುವ ಯಂತ್ರ ದೇಶದ ಎಲ್ಲೆಡೆ ಪ್ರಚಾರದಲ್ಲಿದೆ. ಇದೇ ಒಂಬತ್ತು ಮನೆಗಳ ವಿನ್ಯಾಸವನ್ನು ಮೊತ್ತ 30 ಆಗುವಂತೆ ಇಮ್ಮಡಿಸಿ, ಸುಮಾರು 900ರ ವೈದ್ಯಗ್ರಂಥವಾದ ವೃಂದನ ಸಿದ್ಧಯೋಗ ಸುಖಪ್ರಸವಕ್ಕಾಗಿ ಹೇಳುತ್ತದೆ.

ಇದನ್ನು ಬಾಯಿಪಾಠ ಮಾಡಬೇಕಿಲ್ಲ, ತರ್ಕದಿಂದಲೇ ಕಟ್ಟಬಹುದು. ಮೂರು ಅಂಕಿಗಳು ಕೂಡಿ 15 ಆಗುವ ಬಗೆಗಳು ಎಂಟು: 1-5-9, 1-6-8, 2-4-9, 2-5-8, 2-6-7, 3-4-8, 3-5-7, 4-5-6. ಯಂತ್ರದಲ್ಲಿಯೂ ಮೂರು ಅಡ್ಡ, ಮೂರು ಕಂಬ, ಎರಡು ಕರ್ಣ ಸೇರಿ ಎಂಟೇ ಗೆರೆಗಳು. ಆದ್ದರಿಂದ ಒಂದು ಬಗೆಯನ್ನೂ ಬಿಡುವಂತಿಲ್ಲ. ನಡುಮನೆಯ ಮೂಲಕ ನಾಲ್ಕು ಗೆರೆಗಳು ಹಾದುಹೋಗುತ್ತವೆ. ಎಂಟು ಬಗೆಗಳಲ್ಲಿ ನಾಲ್ಕು ಸಲ ಬರುವ ಅಂಕಿ 5 ಒಂದೇ. ಮೂಲೆಮನೆಗಳ ಮೂಲಕ ಮೂರು ಗೆರೆಗಳು. ಮೂರು ಸಲ ಬರುವವು 2, 4, 6, 8. ಉಳಿದ ಮನೆಗಳಲ್ಲಿ ಎರಡೆರಡು ಗೆರೆಗಳು. ಎರಡು ಸಲ ಬರುವವು 1, 3, 7, 9. ಇನ್ನು ಒಂದು ಮೂಲೆಯನ್ನೂ ಅದರ ಪಕ್ಕದ ಮೂಲೆಯನ್ನೂ ನಿಶ್ಚಯಿಸಿದರೆ ಇಡೀ ಚೌಕ ತಾನಾಗಿ ತುಂಬುತ್ತದೆ. ತಿರುಗಿಸಿ ಮಗುಚಿದರೆ ಬರುವ ಎಂಟು ರೂಪಗಳನ್ನು ಬಿಟ್ಟರೆ ಹದಿನೈದರ ಯಂತ್ರ ಒಂದೇ. ಎಲ್ಲಿ ಹುಟ್ಟಿದರೂ ಅದು ಹೀಗೆಯೇ ಹುಟ್ಟಬೇಕಿತ್ತು. ಹೀಗಾಗಿ ಎರಡು ದೇಶಗಳಲ್ಲಿ ಈ ಯಂತ್ರ ಕಂಡಿತೆಂಬ ಮಾತ್ರಕ್ಕೆ ಒಂದರಿಂದ ಇನ್ನೊಂದು ಪಡೆಯಿತೆಂದು ಇತಿಹಾಸಕಾರನು ಹೇಳುವಂತಿಲ್ಲ.

ನಾಲ್ಕು ಅಂಕಿಗಳಿಂದ ಹದಿನಾರು

ಹದಿನಾರು ಮನೆಗಳಲ್ಲಿ ಈ ಸೌಲಭ್ಯವಿಲ್ಲ. ತಿರುಗಿಸಿದ, ಮಗುಚಿದ ರೂಪಗಳನ್ನು ಒಂದೆಂದೇ ಎಣಿಸಿದರೂ 34ರ ಮಾಯಾಚೌಕಗಳು 880 ಇವೆ. ಫ್ರಾನ್ಸಿನ ಫ್ರೆನಿಕ್ಲ್ ಎಂಬ ಗಣಿತಜ್ಞನ ಈ ಎಣಿಕೆ ಅವನ ಮರಣಾನಂತರ 1693ರಲ್ಲಿ ಅಚ್ಚಾಯಿತು. ಎಲ್ಲ ರೂಪಗಳನ್ನೂ ಬೇರೆಬೇರೆಯಾಗಿ ಎಣಿಸಿದರೆ 7040. ಖಜುರಾಹೊದ ಕಲ್ಲಿನಲ್ಲಿ ಮೊದಲ ಸಾಲಿನ 7, 12, 1 ಮತ್ತು ಎರಡನೆಯ ಸಾಲಿನ ಮೊದಲ ಅಂಕಿ 2 ಇಷ್ಟೇ ಉಳಿದಿವೆಯೆಂದು ಭಾವಿಸಿದರೆ, ಈ 7040ರಲ್ಲಿ ಯಾವುದು ಕಲ್ಲಿನ ಮೇಲಿತ್ತು?

ಸಂಪಾದಕನು ಅತ್ಯಂತ ಕಡಿಮೆ ಊಹೆಯಿಂದ ಹೊರಡಬೇಕು. 1ರಿಂದ 16ರವರೆಗಿನ ಸಂಖ್ಯೆಗಳು ಒಂದೊಂದೇ ಬಾರಿ ಬರುತ್ತವೆ. ಸಾಲು, ಕಂಬ, ಎರಡು ಕರ್ಣಗಳ ಮೊತ್ತ ಸಮ. ಇಷ್ಟನ್ನೇ ಒಪ್ಪಿಕೊಳ್ಳೋಣ. 16ರವರೆಗಿನ ಒಟ್ಟು ಮೊತ್ತ 136. ನಾಲ್ಕು ಸಾಲುಗಳಿಗೆ ಹಂಚಿದರೆ 34. ಕಿಲ್ಲರ್‌ನ 45ರ ನಿಯಮಕ್ಕೆ ಇದು ಇಲ್ಲಿನ ಪ್ರತಿರೂಪ. ಮೊದಲ ಸಾಲಿನ ಕೊನೆಯ ಮನೆ ಒಡನೆಯೇ 14 ಆಗುತ್ತದೆ. ಉಳಿದ ಮುಖ್ಯ ಮನೆಗಳನ್ನು ಅಕ್ಷರಗಳಿಂದ ಗುರುತಿಸಬಹುದು.

7 – 12 – 1 – 14
2 – ▢ – ಕ – ▢
ಚ – ಟ – ಪ – ▢
ತ – ▢ – ▢ – ▢

ಮೊದಲ ಕಂಬಸಾಲಿನಲ್ಲಿ ಚ ಮತ್ತು ತ ಕೂಡಿ 25 ಆಗಬೇಕು. 25 ಆಗುವ ಜೋಡಿಗಳು 9-16, 10-15, 11-14, 12-13. 14 ಮತ್ತು 12 ಈಗಾಗಲೇ ಖರ್ಚಾಗಿರುವುದರಿಂದ ಕೊನೆಯ ಎರಡು ಜೋಡಿಗಳು ಬಿದ್ದುಹೋದವು. ತ ಎಂಬುದು 16, 15, 10, 9 ಇವುಗಳಲ್ಲೊಂದು. ಇನ್ನು 14ರಿಂದ ಇಳಿಯುವ ಕರ್ಣದಲ್ಲಿ ಕ, ಟ, ತ ಇವು ಮೂರೂ ಕೂಡಿ 20 ಆಗಬೇಕು.

ತ 16 ಆದರೆ ಕ ಮತ್ತು ಟ ಕೂಡಿ 4. ಅದಕ್ಕೆ 1 ಮತ್ತು 3 ಬೇಕು, 1 ಖರ್ಚಾಗಿದೆ. ತ 15 ಆದರೆ ಅವು ಕೂಡಿ 5. ಅದಕ್ಕೆ 1-4 ಅಥವಾ 2-3 ಬೇಕು, 1 ಮತ್ತು 2 ಎರಡೂ ಖರ್ಚಾಗಿವೆ. ಎರಡು ದಾರಿಗಳು ಮುಚ್ಚಿದವು.

ತ 10 ಆದರೆ ಚ 15. ಕ ಮತ್ತು ಟ ಕೂಡಿ 10. ಉಳಿದಿರುವ ಸಂಖ್ಯೆಗಳಲ್ಲಿ 4-6 ಜೋಡಿಯೊಂದೇ ಸಾಧ್ಯ. ಕ 4 ಆದರೆ ಮೂರನೆಯ ಕಂಬಸಾಲಿಗೆ ಇನ್ನೂ 29 ಬೇಕು. ಅದು 13-16 ಮಾತ್ರ. ಆಗ ಪ ಕನಿಷ್ಠ 13. ಆದರೆ ಮೂರನೆಯ ಅಡ್ಡಸಾಲಿನಲ್ಲಿ 15, 6, 13 ಸೇರಿದರೇ 34 ತುಂಬಿ ಕೊನೆಯ ಮನೆಗೆ ಏನೂ ಉಳಿಯುವುದಿಲ್ಲ. ಕ 6, ಟ 4 ಆದರೆ ಮೂರನೆಯ ಅಡ್ಡಸಾಲಿಗೆ ಇನ್ನೂ 15 ಬೇಕು. 15 ಆಗುವ ಏಳು ಜೋಡಿಗಳಲ್ಲಿ ಪ್ರತಿಯೊಂದರಲ್ಲೂ ಒಂದಾದರೂ ಸಂಖ್ಯೆ ಖರ್ಚಾಗಿದೆ. ಮೂರನೆಯ ದಾರಿಯೂ ಮುಚ್ಚಿತು.

ಹೀಗಾಗಿ ತ 9, ಚ 16. ಕ ಮತ್ತು ಟ ಕೂಡಿ 11; ಜೋಡಿಗಳು 3-8, 5-6. ಕ 3 ಆದರೆ ಅದರ ಕಂಬಸಾಲಿಗೆ 30 ಬೇಕು. 14-16 ಎರಡೂ ಖರ್ಚಾಗಿವೆ. ಕ 5 ಆದರೆ 28 ಬೇಕು. 13-15 ಮಾತ್ರ ಸಾಧ್ಯ. ಆದರೆ ಅಡ್ಡಸಾಲಿನಲ್ಲಿ 16 ಮತ್ತು 6ರ ನಂತರ ಉಳಿಯುವುದು 12, ಅಲ್ಲಿ 13 ಹಿಡಿಯದು. ಕ 6 ಆದರೆ 27 ಬೇಕು. 11-16, 12-15, 13-14 ಮೂರರಲ್ಲೂ ಖರ್ಚಾದ ಸಂಖ್ಯೆಯಿದೆ. ಉಳಿದದ್ದು ಕ 8, ಟ 3. ಆಗ ಕಂಬಸಾಲಿಗೆ ಬೇಕಾದ 25ಕ್ಕೆ 10-15 ಮಾತ್ರ ಲಭ್ಯ. ಅಡ್ಡಸಾಲಿನಲ್ಲಿ ಉಳಿದಿರುವುದು 15. ಪ 15 ಆದರೆ ಮುಂದಿನ ಮನೆ ಬರಿದಾಗುತ್ತದೆ. ಆದ್ದರಿಂದ ಪ 10, ಅದರ ಬಲಕ್ಕೆ 5, ಅದರ ಕೆಳಗೆ 15.

ಇನ್ನು ಉಳಿದ ಸಂಖ್ಯೆಗಳು 4, 6, 11, 13. ಎರಡನೆಯ ಅಡ್ಡಸಾಲಿಗೆ 24 ಬೇಕು, ಎಂದರೆ 11 ಮತ್ತು 13. ಎರಡನೆಯ ಕಂಬಸಾಲಿಗೆ 19 ಬೇಕು, ಎಂದರೆ 13 ಮತ್ತು 6. ಕೊನೆಯ ಮೂಲೆಯಲ್ಲಿ 4. ಈವರೆಗೆ ಮುಟ್ಟದೆ ಬಿಟ್ಟಿದ್ದ ಮೊದಲ ಕರ್ಣವನ್ನು ಈಗ ಕೂಡಿದರೆ 7, 13, 10, 4 ಸೇರಿ 34. ಸಾಕ್ಷಿಯನ್ನು ಕರೆಯುವ ಮೊದಲೇ ತೀರ್ಪು ಬಂದಿತ್ತು. ಸಾಕ್ಷಿ ಬಂದು ಅದನ್ನು ಅನುಮೋದಿಸಿತು.

7040 ಚೌಕಗಳಲ್ಲಿ ಈ ನಾಲ್ಕು ಅಂಕಿಗಳನ್ನು ಈ ಸ್ಥಾನಗಳಲ್ಲಿ ಹೊತ್ತಿರುವುದು ಒಂದೇ ಒಂದು, ಅದು ಖಜುರಾಹೊದ್ದು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಚೌಕಕ್ಕೆ ಇನ್ನೂ ಸೂಕ್ಷ್ಮವಾದ ಗುಣಗಳಿವೆ: ಎಲ್ಲಿ ನಾಲ್ಕು ಮನೆಗಳ ಒಳಚೌಕವನ್ನು ತೆಗೆದುಕೊಂಡರೂ ಮೊತ್ತ 34, ಕರ್ಣದ ದಿಕ್ಕಿನಲ್ಲಿ ಎರಡು ಹೆಜ್ಜೆ ದೂರವಿರುವ ಯಾವ ಎರಡು ಸಂಖ್ಯೆಗಳನ್ನು ಕೂಡಿದರೂ 17. ಇವನ್ನು ಮೊದಲೇ ನಿಯಮವಾಗಿ ಒಪ್ಪಿಕೊಂಡಿದ್ದರೆ ಹನ್ನೆರಡು ಮನೆಗಳೂ ಕ್ಷಣದಲ್ಲಿ ತುಂಬುತ್ತಿದ್ದವು. ಆದರೆ ಸವೆದ ಕಲ್ಲಿನ ಮುಂದೆ ನಿಂತವನಿಗೆ ಆ ನಿಯಮ ಅಲ್ಲಿತ್ತೆಂದು ತಿಳಿಯುವ ಬಗೆಯಿಲ್ಲ. ಸಿದ್ಧಿಸಬೇಕಾದುದನ್ನು ಹೇತುವಾಗಿ ಹಿಡಿಯುವುದು ತರ್ಕದೋಷ. ದುರ್ಬಲ ನಿಯಮದಿಂದ ಹೊರಟು ಬಂದಾಗ ಈ ಸೂಕ್ಷ್ಮಗುಣಗಳು ಊಹೆಯ ಸ್ಥಾನವನ್ನು ಬಿಟ್ಟು ಫಲದ ಸ್ಥಾನಕ್ಕೆ ಬರುತ್ತವೆ.

ನೂರೆಪ್ಪತ್ತರ ಯಂತ್ರ

ಕಲ್ಲಿನಲ್ಲಿ ಕಂಡದ್ದು ಸ್ತೋತ್ರದಲ್ಲಿಯೂ ಇದೆ. ಶ್ವೇತಾಂಬರ ಸಂಪ್ರದಾಯದ ನವಸ್ಮರಣಗಳಲ್ಲಿ ಸೇರಿದ ತಿಜಯಪಹುತ್ತ ಎಂಬ ಪ್ರಾಕೃತ ಸ್ತೋತ್ರ ಹದಿನಾರು ಸಂಖ್ಯೆಗಳನ್ನು ಗಾಹೆಗಳಲ್ಲಿ ಮಾತಿನ ರೂಪದಲ್ಲಿಯೇ ಹೇಳುತ್ತದೆ. ಅವನ್ನು ಕ್ರಮವಾಗಿ ಮನೆಗಳಿಗೆ ತುಂಬಿದರೆ ಈ ಚೌಕ ಬರುತ್ತದೆ.

25 – 80 – 15 – 50
20 – 45 – 30 – 75
70 – 35 – 60 – 5
55 – 10 – 65 – 40

ಎಲ್ಲ ಕಡೆಯ ಮೊತ್ತವೂ 170. ಇದು ಜೈನ ಲೋಕವರ್ಣನೆಯ ಸಂಖ್ಯೆ. ಎರಡೂವರೆ ದ್ವೀಪಗಳಲ್ಲಿ ಐದು ಮೇರುಗಳು; ಒಂದೊಂದು ಮೇರುವಿಗೂ ವಿದೇಹದ 32 ವಿಜಯಗಳು, ಒಂದು ಭರತ, ಒಂದು ಐರಾವತ, ಕೂಡಿ 34 ಕ್ಷೇತ್ರಗಳು. ಹೀಗೆ ಏಕಕಾಲದಲ್ಲಿ ಹೆಚ್ಚೆಂದರೆ 170 ತೀರ್ಥಂಕರರು. 170 ಎಂಬುದು ಐದು ಸಲ 34.

ಪ್ರತಿಕಾರನು ಎರಡನೆಯ ಸಾಲಿನ 45ನ್ನು 35 ಎಂದು ಬರೆದನೆಂದಿಟ್ಟುಕೊಳ್ಳಿ. ಪ್ರಾಕೃತದಲ್ಲಿ ಇವು ಪಣಯಾಲಾ, ಪಣತೀಸಾ. ಆರಂಭ ಒಂದೇ ಆದ್ದರಿಂದ ಕೈತಪ್ಪುವುದು ಸುಲಭ. ಆಗ ಎರಡನೆಯ ಅಡ್ಡಸಾಲು 160, ಎರಡನೆಯ ಕಂಬಸಾಲು 160, ಮೊದಲ ಕರ್ಣವೂ 160. ಮೂರೂ ಗೆರೆಗಳು ಸಂಧಿಸುವ ಮನೆ ಒಂದೇ. ಜೊತೆಗೆ ಆ ಕಂಬಸಾಲಿನಲ್ಲಿ 35 ಎರಡು ಸಲ ಕಾಣುತ್ತದೆ. ತಪ್ಪು ಎಲ್ಲಿದೆಯೆಂಬುದನ್ನೂ ಎಷ್ಟು ಕೊರತೆಯಿದೆಯೆಂಬುದನ್ನೂ ಪಠ್ಯವೇ ಹೇಳಿತು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದವರಿಗೆ ಲಿಪಿಕಾರರ ಸ್ಖಾಲಿತ್ಯಗಳನ್ನು ಪತ್ತೆಹಚ್ಚಲು ಎಷ್ಟು ಪ್ರತಿಗಳನ್ನು ತೂಗಿನೋಡಬೇಕೆಂದು ಗೊತ್ತು. ಇಲ್ಲಿ ಒಂದೇ ಪ್ರತಿ ಸಾಕು, ಅದೂ ದೋಷಯುಕ್ತವಾದ ಪ್ರತಿ.

ಈ ಚೌಕದ ಒಳಗೆ ಇನ್ನೊಂದು ಚೌಕ ಅಡಗಿದೆ. ಎಲ್ಲ ಸಂಖ್ಯೆಗಳನ್ನೂ ಐದರಿಂದ ಭಾಗಿಸಿದರೆ ಹೀಗಾಗುತ್ತದೆ.

5 – 16 – 3 – 10
4 – 9 – 6 – 15
14 – 7 – 12 – 1
11 – 2 – 13 – 8

1ರಿಂದ 16ರವರೆಗಿನ ಸಂಖ್ಯೆಗಳು ಒಂದೊಂದೇ ಬಾರಿ ಬಂದು ಮೊತ್ತ 34 ಆಯಿತು. ಇನ್ನು ಮೊದಲ ಕಂಬಸಾಲನ್ನು ಎತ್ತಿ ಕೊನೆಗಿಡಬೇಕು, ಮೇಲಿನ ಎರಡು ಅಡ್ಡಸಾಲುಗಳನ್ನು ಕೆಳಕ್ಕಿಳಿಸಬೇಕು. ಆಗ ಮೊದಲ ಸಾಲು 7, 12, 1, 14. ಎರಡನೆಯದು 2, 13, 8, 11. ಮೂರನೆಯದು 16, 3, 10, 5. ನಾಲ್ಕನೆಯದು 9, 6, 15, 4. ಅಂಕಿಗೆ ಅಂಕಿ ಹೊಂದುವಂತೆ ಇದು ಖಜುರಾಹೊದ ಚೌತೀಸಾ ಯಂತ್ರ. ದಿಗಂಬರ ಜಿನಾಲಯದ ಬಾಗಿಲಲ್ಲಿ ನಿಂತ ಚೌಕವೂ ಶ್ವೇತಾಂಬರ ಸ್ತೋತ್ರದಲ್ಲಿ ಹರಿಯುವ ಚೌಕವೂ ಒಂದೇ ಚಕ್ರದ ಎರಡು ನೆಲೆಗಳು.

ತರ್ಕ ಹೇಳದಿರುವುದು

ಇಷ್ಟಾದ ಮೇಲೆ, ಒಂದನ್ನು ನೋಡಿ ಇನ್ನೊಂದನ್ನು ಮಾಡಿದರೆಂದು ತೀರ್ಮಾನಿಸುವ ಆಸೆ ಸಹಜ. ಆದರೆ ಇಲ್ಲಿಯೂ ಎಣಿಸಿಯೇ ಮಾತನಾಡಬೇಕು. ಮುರಿದ ಕರ್ಣಗಳಲ್ಲಿಯೂ 34 ಬರುವ ಈ ಜಾತಿಯ ಚೌಕಗಳು 384 ಎಂದು ನಾರಾಯಣ ಪಂಡಿತನು 1356ರ ಗಣಿತಕೌಮುದಿಯ ಭದ್ರಗಣಿತದಲ್ಲಿ ಹೇಳಿದ್ದಾನೆ. ಸಾಲುಗಳನ್ನು ಚಕ್ರಾಕಾರವಾಗಿ ಸರಿಸಿದರೆ ಒಂದು ಚೌಕದಿಂದ 16 ರೂಪಗಳು ಬರುತ್ತವೆ. ಎಂದರೆ 384 ಚೌಕಗಳು 24 ಚಕ್ರಗಳಾಗಿ ಒಡೆಯುತ್ತವೆ. ಪರಸ್ಪರ ಸಂಪರ್ಕವಿಲ್ಲದ ಇಬ್ಬರು ಈ ಜಾತಿಯಿಂದ ಮನಸ್ಸಿಗೆ ಬಂದ ಒಂದೊಂದು ಚೌಕವನ್ನು ಆರಿಸಿದರೂ, ಅವು ಒಂದೇ ಚಕ್ರಕ್ಕೆ ಸೇರುವ ಅವಕಾಶ 24ರಲ್ಲಿ ಒಂದು. ಅದು ಚಿಕ್ಕ ಅವಕಾಶವೇ ಸರಿ, ಆದರೆ ಅಸಾಧ್ಯವಲ್ಲ. ಎರಡೂ ಒಂದೇ ಪರಂಪರೆಯಿಂದ ಬಂದುವೆಂಬುದು ಹೆಚ್ಚು ಸಂಭಾವ್ಯ, ಸಿದ್ಧಾಂತವಲ್ಲ. ಅವುಗಳಲ್ಲಿ ಯಾವುದು ಮೊದಲೆಂಬುದನ್ನಂತೂ ಮೊತ್ತ ಹೇಳಲಾರದು. ಚಕ್ರವನ್ನು ಯಾವ ಕಡೆಗೆ ತಿರುಗಿಸಿದರೂ ಅದು 34 ಎಂದೇ ಉತ್ತರಿಸುತ್ತದೆ.

ಮೊತ್ತದ ಕಾವಲಿಗೆ ಇರುವ ಮಿತಿ ಇದು. ಕೈತಪ್ಪಿ ಬಂದ ದೋಷವನ್ನು ಅದು ಹಿಡಿಯುತ್ತದೆ. ತಿಳಿದೂ ಮಾಡಿದ ಬದಲಾವಣೆಯನ್ನು ಹಿಡಿಯುವುದಿಲ್ಲ. ಒಂದು ಸಾಲನ್ನು ಜಾಣತನದಿಂದ ಸರಿಸಿದವನು ತನ್ನ ಹೆಜ್ಜೆಗುರುತನ್ನು ಉಳಿಸುವುದಿಲ್ಲ. ಕಿಲ್ಲರ್ ಸುಡೊಕುವಿಗೂ ಯಂತ್ರಕ್ಕೂ ಇರುವ ವ್ಯತ್ಯಾಸವೂ ಇಲ್ಲಿಯೇ ಇದೆ. ಸಮಸ್ಯೆಯನ್ನು ಕಟ್ಟುವವನು ಉತ್ತರ ಒಂದೇ ಎಂದು ಮೊದಲೇ ಪರೀಕ್ಷಿಸಿ ಬಿಡಿಸುವವನ ಕೈಗೆ ಕೊಡುತ್ತಾನೆ. ಕಲ್ಲು ಅಂಥ ಭರವಸೆ ಕೊಡುವುದಿಲ್ಲ, ಓಲೆಗರಿಯೂ ಕೊಡುವುದಿಲ್ಲ. ಉತ್ತರ ಒಂದೇ ಎಂಬುದನ್ನು ಓದುಗನು ತಾನೇ ಸಾಧಿಸಬೇಕು. ಅದಕ್ಕೆ ಉಳಿದ ದಾರಿಗಳನ್ನೆಲ್ಲ ಪ್ರಸ್ತಾರಮಾಡಿ ಒಂದೊಂದಾಗಿ ಮುಚ್ಚಬೇಕು.

ಹಳಗನ್ನಡ ಕಾವ್ಯದಲ್ಲಿ ಒಂದು ಅಕ್ಷರ ತ್ರುಟಿತವಾದಾಗ ಛಂದಸ್ಸು ಗಣವನ್ನು ಹೇಳುತ್ತದೆ, ಪ್ರಾಸ ವ್ಯಂಜನವನ್ನು ಹೇಳುತ್ತದೆ, ಪ್ರಕರಣ ಅರ್ಥವನ್ನು ಹೇಳುತ್ತದೆ. ಈ ಮೂರೂ ಸೇರಿ ಒಂದೇ ಪದವನ್ನು ಉಳಿಸಿದರೆ ಅದು ಪಾಠ. ಎರಡು ಪದಗಳು ಉಳಿದರೆ ಅವುಗಳಲ್ಲಿ ಸುಂದರವಾದದ್ದನ್ನು ಆರಿಸಿಕೊಂಡು ಮೂಲವೆಂದು ಅಚ್ಚುಹಾಕುವುದು ಸಲ್ಲದು. ಖಜುರಾಹೊದ ನಾಲ್ಕು ಅಂಕಿಗಳು ಹನ್ನೆರಡನ್ನು ಮರಳಿ ಕೊಟ್ಟವು, ಏಕೆಂದರೆ ಬೇರೆ ಹನ್ನೆರಡು ಅಲ್ಲಿ ಕೂರಲಾರವೆಂದು ತೋರಿಸಲು ಸಾಧ್ಯವಾಯಿತು. ಅಷ್ಟನ್ನು ತೋರಿಸಲಾಗದ ಕಡೆ ಮನೆಯನ್ನು ಖಾಲಿಯಾಗಿಯೇ ಬಿಟ್ಟು, ಅಲ್ಲಿ ಕೂರಬಲ್ಲ ಸಂಖ್ಯೆಗಳನ್ನು ಅಂಚಿನಲ್ಲಿ ಬರೆದಿಡುವುದು ಕಿಲ್ಲರ್ ಸುಡೊಕುವಿನ ಪಳಗಿದ ಆಟಗಾರನ ರೂಢಿ. ಗ್ರಂಥಸಂಪಾದಕನ ಅಡಿಟಿಪ್ಪಣಿಗೂ ಅದೇ ಧರ್ಮ.